ಇನ್ಸುಲಿನ್ ಪಂಪ್: ಕೊಳ್ಳುವ ಮೊದಲು ನಾಲ್ಕು ವರ್ಷದ ಲೆಕ್ಕ ಹಾಕಿ

ನಮ್ಮ ಮಗಳಿಗೆ ಒಂಬತ್ತು ವರ್ಷವಿದ್ದಾಗ ಟೈಪ್ 1 ಮಧುಮೇಹ ಇರುವುದು ತಿಳಿಯಿತು. ಅಂದಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುವುದು ನಮ್ಮ ಮನೆಯಲ್ಲಿ ಹಲ್ಲುಜ್ಜುವಷ್ಟೇ ಸಾಮಾನ್ಯ ಕೆಲಸ. ಮೂರು ವರ್ಷ ಹೀಗೆ ಕಳೆದ ಮೇಲೆ ಒಂದು ರಾತ್ರಿ ದಮ್ಮಾಮ್‌ನಲ್ಲಿರುವ ನನ್ನ ಅಣ್ಣ ಫೋನ್ ಮಾಡಿದರು. "ಇಲ್ಲಿ ನನ್ನ ಜೊತೆ ಕೆಲಸ ಮಾಡುವವರ ಮಗನಿಗೆ ಇನ್ಸುಲಿನ್ ಪಂಪ್ ಹಾಕಿದ್ದಾರೆ. ದಿನಾ ಚುಚ್ಚುವ ಕಷ್ಟವೇ ಇಲ್ಲವಂತೆ. ಮುಂದಿನ ರಜೆಗೆ ಬರುವಾಗ ಮಗುವಿಗೆ ಒಂದು ತರುತ್ತೇನೆ. ಹಣದ ಚಿಂತೆ ನಿನಗೆ ಬೇಡ" ಎಂದರು.

ಆ ರಾತ್ರಿ ಸಂತೋಷದಿಂದ ನನಗೆ ನಿದ್ದೆಯೇ ಬರಲಿಲ್ಲ. ಮರುದಿನ ಮಗಳನ್ನು ನೋಡುವ ಡಾಕ್ಟರರ ಬಳಿ ಹೋಗಿ ವಿಷಯ ಹೇಳಿದೆ. ಅವರು ಬೇಡ ಎನ್ನಲಿಲ್ಲ. ಮೂರು ಪ್ರಶ್ನೆ ಕೇಳಿದರು, ಅಷ್ಟೆ. "ಆ ಪಂಪಿನ ಸೆಟ್ಟುಗಳು ನಮ್ಮ ಊರಿನಲ್ಲಿ ಎಲ್ಲಿ ಸಿಗುತ್ತವೆ? ನಡುರಾತ್ರಿ ಅದು ನಿಂತುಹೋದರೆ ಏನು ಮಾಡುತ್ತೀರಿ? ನಿನ್ನೆ ರಾತ್ರಿಯ ಊಟದಲ್ಲಿ ನಿಮ್ಮ ಮಗಳು ಎಷ್ಟು ಗ್ರಾಂ ಪಿಷ್ಟ ತಿಂದಳು?"

ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಈ ಲೇಖನ ಪಂಪಿನ ವಿರುದ್ಧ ಅಲ್ಲ. ಅದು ಒಳ್ಳೆಯ ಸಾಧನ. ಅದರಿಂದ ಬದುಕು ಹಗುರವಾದ ಮಕ್ಕಳನ್ನು ನಾನೇ ನೋಡಿದ್ದೇನೆ. ಆದರೆ ನಮ್ಮಲ್ಲಿ ಪಂಪಿನ ಮಾತು ಬಂದಾಗ ಎಲ್ಲರೂ ಕೇಳುವುದು "ಯಾವ ಕಂಪೆನಿಯದ್ದು ಒಳ್ಳೆಯದು, ಬೆಲೆ ಎಷ್ಟು" ಎಂದು. ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ. "ಇದನ್ನು ನಾಲ್ಕು ವರ್ಷ ನಡೆಸಲು ನಮ್ಮ ಮನೆಗೆ ಆಗುತ್ತದೆಯೇ" ಎಂಬುದು ಮೊದಲ ಪ್ರಶ್ನೆ. ನನ್ನ ಅಭಿಪ್ರಾಯ ಇಷ್ಟೇ. ಅದು ಏಕೆ ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ.

ಪಂಪ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಪಂಪ್ ಎಂದಾಗ ಹೊಟ್ಟೆ ಕೊಯ್ದು ಒಳಗೆ ಇಡುವ ಯಂತ್ರ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅದು ಚಿಕ್ಕ ಮೊಬೈಲಿನಷ್ಟಿರುವ ಪೆಟ್ಟಿಗೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು, ಕಿಸೆಯಲ್ಲಿ ಇಡಬಹುದು. ಅದರೊಳಗೆ ಇನ್ಸುಲಿನ್ ತುಂಬುವ ಒಂದು ಚಿಕ್ಕ ಕೊಳವೆ ಇರುತ್ತದೆ. ಅಲ್ಲಿಂದ ತೆಳ್ಳನೆಯ ನಳಿಗೆ ಹೊರಟು ಹೊಟ್ಟೆಯ ಅಥವಾ ತೊಡೆಯ ಚರ್ಮದ ಅಡಿಗೆ ಸೇರುತ್ತದೆ. ಚರ್ಮದ ಅಡಿಯಲ್ಲಿ ಉಳಿಯುವ ಮೃದುವಾದ ತುದಿಗೆ ಕ್ಯಾನುಲಾ ಎನ್ನುತ್ತಾರೆ. ನಳಿಗೆಯೂ ಕ್ಯಾನುಲಾವೂ ಸೇರಿದ್ದು ಇನ್‌ಫ್ಯೂಷನ್ ಸೆಟ್. ಸಾಮಾನ್ಯ ಸೆಟ್ಟನ್ನು ಎರಡು ಮೂರು ದಿನಕ್ಕೊಮ್ಮೆ ತೆಗೆದು ಬೇರೆ ಜಾಗದಲ್ಲಿ ಹೊಸತನ್ನು ಹಾಕಬೇಕು. ನಳಿಗೆಯೇ ಇಲ್ಲದೆ ನೇರವಾಗಿ ಚರ್ಮಕ್ಕೆ ಅಂಟಿಸುವ ಪ್ಯಾಚ್ ಪಂಪ್‌ಗಳೂ ಇವೆ. ಅವನ್ನೂ ಸುಮಾರು ಮೂರು ದಿನಕ್ಕೊಮ್ಮೆ ಬದಲಿಸಬೇಕು.

ಆರೋಗ್ಯವಂತರ ದೇಹದಲ್ಲಿ ಮೇದೋಜೀರಕ ಗ್ರಂಥಿ ಇಡೀ ದಿನ ಸ್ವಲ್ಪ ಸ್ವಲ್ಪವೇ ಇನ್ಸುಲಿನ್ ಬಿಡುತ್ತಿರುತ್ತದೆ. ಊಟ ಮಾಡಿದಾಗ ಒಮ್ಮೆಲೇ ಹೆಚ್ಚು ಬಿಡುತ್ತದೆ. ಪಂಪ್ ಇದನ್ನೇ ಅನುಕರಿಸುತ್ತದೆ. ಹಗಲು ರಾತ್ರಿ ಹನಿಹನಿಯಾಗಿ ಕೊಡುವುದಕ್ಕೆ ಬೇಸಲ್ ಎನ್ನುತ್ತಾರೆ. ಊಟಕ್ಕಾಗಿ ಗುಂಡಿ ಒತ್ತಿ ಕೊಡುವುದಕ್ಕೆ ಬೋಲಸ್ ಎನ್ನುತ್ತಾರೆ. ಎರಡಕ್ಕೂ ಬಳಸುವುದು ಬೇಗ ಕೆಲಸ ಮಾಡುವ ಒಂದೇ ಬಗೆಯ ಇನ್ಸುಲಿನ್.

ಸಾಮಾನ್ಯ ಪಂಪ್ ತಾನಾಗಿ ಸಕ್ಕರೆ ನೋಡುವುದಿಲ್ಲ. ನಾವು ಹೇಳಿದಷ್ಟು ಕೊಡುತ್ತದೆ. ಸೆನ್ಸರ್ ಜೋಡಿಸಿದ ಹೊಸ ಪಂಪ್‌ಗಳು ಸಕ್ಕರೆಯ ಏರಿಳಿತ ನೋಡಿಕೊಂಡು ಬೇಸಲ್ ಅನ್ನು ತಾವೇ ಹೆಚ್ಚು ಕಡಿಮೆ ಮಾಡುತ್ತವೆ. ಇಂಥ ಮೊದಲ ಪಂಪಿಗೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು. ಇವುಗಳಲ್ಲಿಯೂ ಊಟಕ್ಕೆ ಮೊದಲು "ಇಷ್ಟು ಗ್ರಾಂ ಪಿಷ್ಟ ತಿನ್ನುತ್ತಿದ್ದೇನೆ" ಎಂದು ನಾವೇ ಹೇಳಬೇಕು. ತಟ್ಟೆಯಲ್ಲಿ ಏನಿದೆ ಎಂದು ಯಂತ್ರಕ್ಕೆ ಕಾಣುವುದಿಲ್ಲ.

ನಮ್ಮ ಓದುಗರಲ್ಲಿ ಕೆಲವರಿಗೆ ಇರುವ ಒಂದು ಸಂಶಯದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಆಮೇಲೆ ಹಲವು ದಶಕ ಅದನ್ನು ದನ ಮತ್ತು ಹಂದಿಯ ಗ್ರಂಥಿಗಳಿಂದ ತೆಗೆಯುತ್ತಿದ್ದರು. 1982ರಲ್ಲಿ ಬ್ಯಾಕ್ಟೀರಿಯಾಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬರಲು ಅನುಮತಿ ಸಿಕ್ಕಿತು. ಇಂದು ಪಂಪಿನಲ್ಲಿ ಬಳಸುವ ಲಿಸ್ಪ್ರೊ, ಆಸ್ಪಾರ್ಟ್ ಮೊದಲಾದ ಇನ್ಸುಲಿನ್‌ಗಳು ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ನಿಂದ ತಯಾರಾಗುತ್ತವೆ, ಪ್ರಾಣಿಯ ಗ್ರಂಥಿಯಿಂದಲ್ಲ. ಆ ಸಂಶಯದಿಂದ ಯಾರೂ ಇನ್ಸುಲಿನ್ ಬಿಡುವ ಅಗತ್ಯವಿಲ್ಲ.

ಮೊದಲ ಪ್ರಶ್ನೆ: ಸೆಟ್ ಎಲ್ಲಿ ಸಿಗುತ್ತದೆ?

ಪಂಪಿನ ಬೆಲೆ ಒಂದು ಸಲ ಕೊಡುವಂಥದ್ದು. ಮನೆಯನ್ನು ಸುಸ್ತು ಮಾಡುವುದು ಅದಲ್ಲ. ತಿಂಗಳು ತಿಂಗಳು ಕೊಳ್ಳಬೇಕಾದ ವಸ್ತುಗಳು ಸುಸ್ತು ಮಾಡುತ್ತವೆ.

ಪೆನ್ನು ಕಾಗದ ತೆಗೆದುಕೊಳ್ಳಿ. ಪಂಪಿಗೆ ಸಾಮಾನ್ಯವಾಗಿ ನಾಲ್ಕು ವರ್ಷ ವಾರಂಟಿ ಇರುತ್ತದೆ. ಮೂರು ದಿನಕ್ಕೊಂದು ಸೆಟ್ ಎಂದರೆ ತಿಂಗಳಿಗೆ ಹತ್ತು, ನಾಲ್ಕು ವರ್ಷಕ್ಕೆ ಸುಮಾರು 487. ಅಷ್ಟೇ ಸಂಖ್ಯೆಯ ಇನ್ಸುಲಿನ್ ಕೊಳವೆಗಳು. ಸೆನ್ಸರ್ ಏಳು ದಿನ ಬಾಳುವಂಥದ್ದಾದರೆ ನಾಲ್ಕು ವರ್ಷಕ್ಕೆ ಸುಮಾರು 209. ಇವುಗಳ ಜೊತೆ ಇನ್ಸುಲಿನ್, ಬ್ಯಾಟರಿ, ಸ್ಟ್ರಿಪ್. ಬೆವರಿಗೆ ಕಿತ್ತುಬಂದದ್ದು, ಹಾಕುವಾಗ ಮಡಚಿಹೋದದ್ದು, ಮಗು ಆಡುವಾಗ ಎಳೆದು ಬಿಸಾಡಿದ್ದು ಎಂದು ನೂರಕ್ಕೆ ಹತ್ತಾದರೂ ಹೆಚ್ಚುವರಿ ಇಟ್ಟುಕೊಳ್ಳಿ. ನಮ್ಮ ಕರಾವಳಿಯ ಸೆಕೆಯಲ್ಲಿ ಅಂಟು ನಿಲ್ಲುವುದೇ ಕಷ್ಟ. ಈಗ ಪ್ರತಿಯೊಂದಕ್ಕೂ ಇವತ್ತಿನ ಬೆಲೆಯನ್ನು ಅಂಗಡಿಯಿಂದ ಕೇಳಿ ಗುಣಿಸಿ. ಬರುವ ಮೊತ್ತ ಪಂಪಿನ ಬೆಲೆಯ ಪಕ್ಕದಲ್ಲಿ ಬರೆಯಿರಿ. ಅಣ್ಣ ಕೊಡಲು ಹೊರಟಿದ್ದು ಮೊದಲನೆಯ ಅಂಕಿ ಮಾತ್ರ. ಎರಡನೆಯದನ್ನು ಕೊಡಬೇಕಾದವರು ನಾವು.

ಹೊರದೇಶದಿಂದ ತರಿಸುವುದರಲ್ಲಿ ಇನ್ನೊಂದು ತೊಡಕಿದೆ. ಒಂದು ಪಂಪಿನ ಸೆಟ್, ಕೊಳವೆ, ಸೆನ್ಸರ್ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ಗಲ್ಫ್‌ನಲ್ಲಿ, ಅಮೆರಿಕದಲ್ಲಿ ಸಿಗುವ ಎಲ್ಲ ಮಾದರಿಗಳೂ ಭಾರತದಲ್ಲಿ ಮಾರಾಟದಲ್ಲಿಲ್ಲ. ಇಲ್ಲಿ ಮಾರಾಟವಿಲ್ಲದ ಮಾದರಿಗೆ ಇಲ್ಲಿ ರಿಪೇರಿಯೂ ಇಲ್ಲ, ಬದಲಿ ಯಂತ್ರವೂ ಇಲ್ಲ. ಊರಿಗೆ ಬರುವವರ ಬ್ಯಾಗಿನಲ್ಲಿ ಸೆಟ್ ತರಿಸಿಕೊಳ್ಳುತ್ತೇವೆ ಎಂದು ನಂಬಿ ಕೂತರೆ, ಅವರ ರಜೆ ಮುಂದೆ ಹೋದಾಗ ಮಗುವಿನ ಇನ್ಸುಲಿನ್ ನಿಲ್ಲುತ್ತದೆ. ಅಣ್ಣ ನೋಡಿದ ಮಾದರಿಯ ಹೆಸರು ಹಿಡಿದು ನಾನು ಇಲ್ಲಿ ವಿಚಾರಿಸಿದೆ. ಅದರ ಸೆಟ್ ಕೊಡುವವರು ಒಬ್ಬರೂ ಸಿಗಲಿಲ್ಲ. ಕೊಂಡ ಮೇಲೆ ವಿಚಾರಿಸಿದ್ದರೆ ಅದು ಕಪಾಟಿನ ಅಲಂಕಾರವಾಗುತ್ತಿತ್ತು.

ಆರೋಗ್ಯ ವಿಮೆ ಇದೆಯಲ್ಲ ಎನ್ನುವವರು ಪಾಲಿಸಿಯನ್ನು ಓದಿ ನೋಡಿ. ನಮ್ಮಲ್ಲಿ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ ಇರುವಂಥವು. ಮನೆಯಲ್ಲಿ ಬಳಸುವ ಉಪಕರಣಕ್ಕೂ ಅದರ ಸೆಟ್‌ಗಳಿಗೂ ಹಣ ಕೊಡುತ್ತಾರೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಏಜೆಂಟರ ಬಾಯಿಮಾತು ಸಾಲದು.

ಎರಡನೆಯ ಪ್ರಶ್ನೆ: ನಡುರಾತ್ರಿ ನಿಂತುಹೋದರೆ?

ಪೆನ್ನಿನಲ್ಲಿ ಚುಚ್ಚಿಕೊಳ್ಳುವವರು ದಿನಕ್ಕೊಮ್ಮೆ ದೀರ್ಘಾವಧಿಯ ಇನ್ಸುಲಿನ್ ತೆಗೆದುಕೊಂಡಿರುತ್ತಾರೆ. ಒಂದು ಊಟದ ಇನ್ಸುಲಿನ್ ಮರೆತರೂ ದೇಹದಲ್ಲಿ ಸ್ವಲ್ಪ ಆಸರೆ ಉಳಿದಿರುತ್ತದೆ. ಪಂಪಿನವರಿಗೆ ಆ ಆಸರೆ ಇಲ್ಲ. ಅವರ ದೇಹದಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಕ್ಯಾನುಲಾ ಮಡಚಿದರೆ, ನಳಿಗೆ ಕಟ್ಟಿಕೊಂಡರೆ, ಸೆಟ್ ಕಿತ್ತುಬಂದರೆ ಕೆಲವೇ ಗಂಟೆಗಳಲ್ಲಿ ಸಕ್ಕರೆ ಏರುತ್ತದೆ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲೀಯ ವಸ್ತು ಸೇರುತ್ತದೆ. ವಾಂತಿ, ಹೊಟ್ಟೆನೋವು, ಜೋರಾದ ಉಸಿರಾಟ ಶುರುವಾದರೆ ಅದು ಜೀವಕ್ಕೆ ಅಪಾಯ. ಅಜೀರ್ಣವೆಂದು ಮನೆಮದ್ದು ಮಾಡುತ್ತಾ ಕೂರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಆದ್ದರಿಂದ ಪಂಪ್ ಹಾಕಿದ ಮನೆಯಲ್ಲಿ ಕೆಲವು ವಸ್ತು ಇರಲೇಬೇಕು. ಗ್ಲುಕೋಮೀಟರ್ ಮತ್ತು ಸ್ಟ್ರಿಪ್, ಕೀಟೋನ್ ನೋಡುವ ಸ್ಟ್ರಿಪ್, ಹೆಚ್ಚುವರಿ ಸೆಟ್, ಬ್ಯಾಟರಿ. ಎಲ್ಲಕ್ಕಿಂತ ಮುಖ್ಯವಾಗಿ ಎರಡೂ ಬಗೆಯ ಇನ್ಸುಲಿನ್ ಪೆನ್ ಮತ್ತು ಪಂಪ್ ಕೆಟ್ಟ ದಿನ ಎಷ್ಟು ಯೂನಿಟ್ ಚುಚ್ಚಬೇಕೆಂದು ಡಾಕ್ಟರ್ ಬರೆದುಕೊಟ್ಟ ಚೀಟಿ. ನಮ್ಮ ಮನೆಯ ಗೋದ್ರೆಜ್ ಬಾಗಿಲಿಗೆ ಅಂಟಿಸುವಂಥ ಚೀಟಿ ಅದು. "ಪಂಪ್ ಬಂತು, ಇನ್ನು ಪೆನ್ ಯಾಕೆ" ಎಂದು ಪೆನ್ನುಗಳನ್ನು ಯಾರಿಗಾದರೂ ಕೊಟ್ಟುಬಿಡುವುದು ದೊಡ್ಡ ತಪ್ಪು.

ಎಚ್ಚರಿಕೆಯ ಗಂಟೆಯೂ ಹೀಗೆಯೇ. ಸೆನ್ಸರ್ ಇರುವ ಪಂಪ್ ರಾತ್ರಿ ಎರಡಕ್ಕೆ ಕೂಗುತ್ತದೆ. ಎದ್ದು ನೋಡುವವರು ಯಾರು ಎಂದು ಮೊದಲೇ ತೀರ್ಮಾನವಾಗಬೇಕು. ಹಲವು ಮನೆಗಳಲ್ಲಿ ಅದು ತಾಯಿಯ ತಲೆಗೇ ಬರುತ್ತದೆ. ಹಗಲಿಡೀ ದುಡಿದ ತಾಯಿ ಒಂದು ವಾರ ಏಳುತ್ತಾಳೆ, ಎರಡನೆಯ ವಾರ ಗಂಟೆಯನ್ನೇ ಬಂದ್ ಮಾಡುತ್ತಾಳೆ. ತಂದೆಯಾದವರೂ ಪಂಪಿನ ತರಬೇತಿಗೆ ಜೊತೆಯಲ್ಲಿ ಕೂರಬೇಕು. "ನನಗೆ ಅದೆಲ್ಲ ಗೊತ್ತಾಗುವುದಿಲ್ಲ" ಎಂಬ ಮಾತು ಈ ವಿಷಯದಲ್ಲಿ ಸಲ್ಲದು.

ಮೂರನೆಯ ಪ್ರಶ್ನೆ: ತಟ್ಟೆಯಲ್ಲಿ ಎಷ್ಟಿದೆ?

ನನಗೆ ಅತ್ಯಂತ ನಾಚಿಕೆ ತಂದ ಪ್ರಶ್ನೆ ಇದು. ಮೂರು ವರ್ಷ ಇನ್ಸುಲಿನ್ ಕೊಟ್ಟಿದ್ದೆ, ಆದರೆ "ಊಟಕ್ಕೆ ಇಷ್ಟು ಯೂನಿಟ್" ಎಂಬ ಒಂದೇ ಲೆಕ್ಕದಲ್ಲಿ. ಗಂಜಿ ಊಟಕ್ಕೂ ಅಷ್ಟೇ, ಬಿರಿಯಾನಿಗೂ ಅಷ್ಟೇ. ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಪಿಷ್ಟ ಇರುತ್ತದೆ ಎಂಬುದು ನನಗೆ ಆಗ ಗೊತ್ತಾಯಿತು. ಅದಕ್ಕಿಂತ ಮೊದಲು ನಮ್ಮ ಮನೆಯ ಅನ್ನದ ಸೌಟು ಎಷ್ಟು ಹಿಡಿಯುತ್ತದೆ ಎಂದು ಅಳೆದು ನೋಡಿದವಳೂ ಅಲ್ಲ.

ಪಂಪ್ ಊಟದ ಇನ್ಸುಲಿನ್ ಲೆಕ್ಕ ಹಾಕುವುದು ನಾವು ಕೊಡುವ ಗ್ರಾಮಿನ ಮೇಲೆ. ಲೆಕ್ಕ ತಪ್ಪಾಗಿ ಕೊಟ್ಟರೆ ಲಕ್ಷಗಟ್ಟಲೆ ರೂಪಾಯಿಯ ಯಂತ್ರ ಕರಾರುವಾಕ್ಕಾಗಿ ತಪ್ಪು ಡೋಸ್ ಕೊಡುತ್ತದೆ. ಬಿರಿಯಾನಿಯಂಥ ಜಿಡ್ಡಿನ ಊಟದಲ್ಲಿ ಸಕ್ಕರೆ ತಡವಾಗಿ ಏರುತ್ತದೆ. ಅದಕ್ಕಾಗಿ ಬೋಲಸ್ ಅನ್ನು ಎರಡು ಮೂರು ಗಂಟೆಗೆ ಹಂಚಿಕೊಡುವ ಸೌಲಭ್ಯ ಕೆಲವು ಪಂಪ್‌ಗಳಲ್ಲಿದೆ. ಆದರೆ ಯಾವ ಊಟಕ್ಕೆ ಅದನ್ನು ಒತ್ತಬೇಕೆಂದು ತಿಳಿದಿರಬೇಕಾದವರು ನಾವು.

ಇದಕ್ಕೆ ಒಂದು ಗಟ್ಟಿಯಾದ ಆಧಾರವಿದೆ. ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಮಧುಮೇಹ ಇರುವ 1441 ಜನರ ಮೇಲೆ ವರ್ಷಗಟ್ಟಲೆ ಒಂದು ದೊಡ್ಡ ಅಧ್ಯಯನ ನಡೆದು, 1993ರಲ್ಲಿ ಫಲಿತಾಂಶ ಹೊರಬಂತು. ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟವರಲ್ಲಿ ಕಣ್ಣಿನ ಪರದೆಯ ತೊಂದರೆ ಹೊಸದಾಗಿ ಬರುವ ಸಂಭವ 76 ಶೇಕಡಾ ಕಡಿಮೆಯಾಯಿತು. ಮೂತ್ರಪಿಂಡ ಮತ್ತು ನರಗಳ ತೊಂದರೆಯೂ ಇಳಿಯಿತು. ಆ ಗುಂಪಿನವರು ಬಳಸಿದ್ದು ಏನು? ಕೆಲವರು ಪಂಪ್, ಉಳಿದವರು ದಿನಕ್ಕೆ ಮೂರು ಅಥವಾ ಹೆಚ್ಚು ಚುಚ್ಚುಮದ್ದು. ದಿನಕ್ಕೆ ಹಲವು ಬಾರಿ ಸಕ್ಕರೆ ನೋಡುವುದು, ಊಟಕ್ಕೆ ತಕ್ಕಂತೆ ಡೋಸ್ ಬದಲಿಸುವುದು, ತಂಡದೊಂದಿಗೆ ನಿರಂತರ ಸಂಪರ್ಕದಲ್ಲಿರುವುದು ಇಬ್ಬರಿಗೂ ಸಮಾನವಾಗಿತ್ತು. ಕಣ್ಣು, ಮೂತ್ರಪಿಂಡ ಉಳಿಸಿದ್ದು ಆ ಶಿಸ್ತು. ಪಂಪ್ ಆ ಶಿಸ್ತಿಗೆ ಒಂದು ಸಲಕರಣೆ.

ಹಾಗಾದರೆ ಪಂಪ್ ಯಾರಿಗೆ ಬೇಕು?

ಮೊದಲು ಯಾರಿಗೆ ಸಾಮಾನ್ಯವಾಗಿ ಬೇಡ ಎಂದು ಹೇಳುತ್ತೇನೆ. ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜಿಸಿತು. ಇವರಲ್ಲಿ ಬಹುಪಾಲು ಟೈಪ್ 2. ನಿಮ್ಮ ತಂದೆಗೋ ತಾಯಿಗೋ ಇರುವುದು ಹೆಚ್ಚಾಗಿ ಅದೇ. ಅವರಿಗೆ ಬೇಕಾದದ್ದು ಸರಿಯಾದ ಊಟ, ನಡಿಗೆ, ಸಮಯಕ್ಕೆ ಮಾತ್ರೆ, ಬೇಕಿದ್ದರೆ ಇನ್ಸುಲಿನ್ ಪೆನ್, ಪಾದದ ಆರೈಕೆ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. "ಬಾಪನಿಗೆ ದೊಡ್ಡ ಪಂಪ್ ಹಾಕಿಸೋಣ" ಎನ್ನುವ ಮಕ್ಕಳು ಮೊದಲು ಅವರ ಪಾದ ನೋಡಲಿ.

ಟೈಪ್ 1 ಇರುವವರಲ್ಲಿ ಪಂಪಿನಿಂದ ಹೆಚ್ಚು ಪ್ರಯೋಜನ ಪಡೆಯುವವರು ಇವರು: ಸರಿಯಾಗಿ ಚುಚ್ಚಿಕೊಂಡರೂ ರಾತ್ರಿಯಲ್ಲಿ ಸಕ್ಕರೆ ಅಪಾಯಕಾರಿಯಾಗಿ ಇಳಿಯುವವರು, ಇಳಿದದ್ದು ಮೈಗೆ ತಿಳಿಯದವರು, ಬೆಳಗಿನ ಜಾವ ಕಾರಣವಿಲ್ಲದೆ ಸಕ್ಕರೆ ಏರುವವರು, ಅರ್ಧ ಯೂನಿಟ್ಟಿಗಿಂತಲೂ ಸೂಕ್ಷ್ಮ ಡೋಸ್ ಬೇಕಾದ ಪುಟ್ಟ ಮಕ್ಕಳು, ಗರ್ಭಿಣಿಯಾಗುವ ಮೊದಲು ಮತ್ತು ಬಸುರಿಯಲ್ಲಿ ಬಿಗಿ ಹಿಡಿತ ಬೇಕಾದ ಹೆಣ್ಣುಮಕ್ಕಳು. ನಮ್ಮ ಪರಿಚಯದ ಒಂದು ಮನೆಯಲ್ಲಿ ನಾಲ್ಕು ವರ್ಷದ ಹುಡುಗನಿಗೆ ಸಕ್ಕರೆ ಇಳಿದು ಎರಡು ಸಲ ನಿದ್ದೆಯಲ್ಲೇ ಫಿಟ್ಸ್ ಬಂದಿತ್ತು. ಅವರು ಸೆನ್ಸರ್ ಇರುವ ಪಂಪ್ ಹಾಕಿಸಿದರು. ಸಕ್ಕರೆ ಇಳಿಯುವ ಸೂಚನೆ ಕಂಡಾಗ ಅದು ಇನ್ಸುಲಿನ್ ನಿಲ್ಲಿಸುತ್ತದೆ. ಆ ತಾಯಿ ಈಗ ರಾತ್ರಿ ಮಲಗುತ್ತಾರೆ. ಅವರ ನಿರ್ಧಾರ ನೂರಕ್ಕೆ ನೂರು ಸರಿ.

ಬ್ರಿಟನ್ನಿನಲ್ಲಿ ಟೈಪ್ 1 ಇರುವ ಎಲ್ಲ ಮಕ್ಕಳಿಗೂ ಸೆನ್ಸರ್ ಜೋಡಿಸಿದ ಪಂಪನ್ನು ಒಂದು ಆಯ್ಕೆಯಾಗಿ ಕೊಡಬಹುದೆಂದು 2023ರ ಡಿಸೆಂಬರಿನಲ್ಲಿ ಶಿಫಾರಸು ಬಂತು. ಅಲ್ಲಿ ಯಂತ್ರ, ಸೆಟ್, ತರಬೇತಿ ಎಲ್ಲವೂ ಸರಕಾರದ ಆರೋಗ್ಯ ಸೇವೆಯ ಖರ್ಚು. ನಮ್ಮಲ್ಲಿ ಅದು ಮನೆಯ ಖರ್ಚು. ಅಲ್ಲಿಯ ಸಲಹೆಯನ್ನು ಇಲ್ಲಿಗೆ ತರುವಾಗ ಈ ವ್ಯತ್ಯಾಸ ಮರೆಯಬಾರದು.

ಆಯ್ಕೆ ಮಾಡುವಾಗ ಕೇಳಬೇಕಾದದ್ದು

ಮೂರೂ ಪ್ರಶ್ನೆಗೆ ಉತ್ತರವಿದೆ, ಡಾಕ್ಟರೂ ಒಪ್ಪಿದ್ದಾರೆ ಎಂದಾದರೆ ಮಾತ್ರ ಮಾದರಿಗಳ ಮಾತು. ಆಗ ಮಾರುವವರ ಮುಂದೆ ಇವನ್ನು ಕೇಳಿ:

ಸೆಟ್ ಮತ್ತು ಸೆನ್ಸರ್ ನಮ್ಮ ಜಿಲ್ಲೆಯಲ್ಲಿ ಯಾರ ಬಳಿ ಸಿಗುತ್ತದೆ, ಆರ್ಡರ್ ಕೊಟ್ಟರೆ ಎಷ್ಟು ದಿನಕ್ಕೆ ಬರುತ್ತದೆ?

ಪಂಪ್ ಕೆಟ್ಟರೆ ಬದಲಿ ಯಂತ್ರ ಎಷ್ಟು ದಿನದಲ್ಲಿ ಕೊಡುತ್ತೀರಿ? ವಾರಂಟಿ ಮುಗಿದ ಮೇಲೆ ಏನು?

ಕೊಳವೆ ಎಷ್ಟು ಯೂನಿಟ್ ಹಿಡಿಯುತ್ತದೆ? 180 ಯೂನಿಟ್ಟಿನವೂ 300 ಯೂನಿಟ್ಟಿನವೂ ಇವೆ. ದಿನಕ್ಕೆ ಹೆಚ್ಚು ಇನ್ಸುಲಿನ್ ಬೇಕಾದವರಿಗೆ ಚಿಕ್ಕದು ಸಾಲದು.

ಸೆನ್ಸರ್ ಇಲ್ಲದ ವಾರಗಳಲ್ಲಿಯೂ ಈ ಪಂಪ್ ಸಾಮಾನ್ಯ ಪಂಪಿನಂತೆ ನಡೆಯುತ್ತದೆಯೇ? ಹಣ ಕಡಿಮೆಯಾದ ತಿಂಗಳಿಗೆ ಇದು ಮುಖ್ಯ.

ನೀರು ಬಿದ್ದರೆ ಏನಾಗುತ್ತದೆ? ಸ್ನಾನಕ್ಕೆ ತೆಗೆಯಬೇಕೇ?

ಪರದೆಯ ಅಕ್ಷರ ಮಗುವಿಗೂ ಅಜ್ಜಿಗೂ ಓದಲು ಬರುತ್ತದೆಯೇ? ಗುಂಡಿ ತಪ್ಪಿ ಒತ್ತದಂತೆ ಲಾಕ್ ಇದೆಯೇ?

ಕೊಳ್ಳುವ ಮೊದಲು ಕೆಲವು ದಿನ ಹಾಕಿ ನೋಡಲು ಕೊಡುತ್ತೀರಾ? ಇದನ್ನು ಸಂಕೋಚವಿಲ್ಲದೆ ಕೇಳಿ. ಉಪ್ಪುನೀರು ತುಂಬಿಸಿ ಒಂದು ವಾರ ಸೊಂಟಕ್ಕೆ ಕಟ್ಟಿಕೊಂಡು ನೋಡುವ ಪದ್ಧತಿಯೂ ಇದೆ. ಮೈಮೇಲೆ ಸದಾ ಒಂದು ವಸ್ತು ಇರುವುದು ಕೆಲವು ಮಕ್ಕಳಿಗೆ ಸಹಿಸಲಾಗುವುದಿಲ್ಲ. ಮಗುವನ್ನು ಕೇಳದೆ ಮಾಡುವ ಆಯ್ಕೆ ಉಳಿಯುವುದಿಲ್ಲ.

ಬಿಸಿಲಿನ ಮಾತನ್ನೂ ಕೇಳಿ. ಇನ್ಸುಲಿನ್ ಬಿಸಿಗೆ ಕೆಡುತ್ತದೆ. ಬೇಸಿಗೆಯಲ್ಲಿ ಹೊರಗೆ ದುಡಿಯುವವರು, ಉಮ್ರಾ ಹಜ್ಜ್ ಯಾತ್ರೆಗೆ ಹೋಗುವವರು ಪಂಪ್ ನೇರ ಬಿಸಿಲಿಗೆ ಬೀಳದಂತೆ ಬಟ್ಟೆಯ ಒಳಗೆ ಇಟ್ಟುಕೊಳ್ಳಬೇಕು. ಕೊಳವೆಯ ಇನ್ಸುಲಿನ್ ಎಷ್ಟು ಬೇಗ ಬದಲಿಸಬೇಕೆಂದು ಡಾಕ್ಟರಲ್ಲಿ ಕೇಳಿಕೊಳ್ಳಬೇಕು. ಎಂಆರ್‌ಐ ಪರೀಕ್ಷೆಗೆ ಪಂಪ್ ತೆಗೆಯಲೇಬೇಕು.

ವುಝೂ, ಉಪವಾಸ ಮತ್ತು ಮುಚ್ಚಿಡುವ ಅಭ್ಯಾಸ

ಪಂಪ್ ಹಾಕಿದರೆ ವುಝೂ, ನಮಾಝ್ ಹೇಗೆ ಎಂದು ಹಿರಿಯರು ಕೇಳುತ್ತಾರೆ. ಸೆಟ್ ಹೊಟ್ಟೆಯ ಮೇಲೆ, ಸೆನ್ಸರ್ ತೋಳಿನ ಮೇಲ್ಭಾಗದಲ್ಲಿ ಇದ್ದರೆ ವುಝೂವಿನಲ್ಲಿ ತೊಳೆಯುವ ಅಂಗಗಳಿಗೆ ಅದು ಅಡ್ಡವಾಗುವುದಿಲ್ಲ. ಸ್ನಾನದ ಕಡ್ಡಾಯದ ವಿಷಯದಲ್ಲಿ ಗಾಯದ ಪಟ್ಟಿಯ ಕುರಿತ ನಿಯಮಗಳನ್ನು ನಿಮ್ಮ ಮಸೀದಿಯ ಉಸ್ತಾದರಲ್ಲಿ ಕೇಳಿ. ಕೇಳುವಾಗ ಆ ಅಂಟು ಯಾಕೆ ಮೂರು ದಿನ ತೆಗೆಯಬಾರದು ಎಂಬುದನ್ನು ಅವರಿಗೆ ವಿವರಿಸಿ. ವಿಷಯ ತಿಳಿದರೆ ಅವರಿಗೂ ದಾರಿ ಹೇಳಲು ಸುಲಭ.

ರಮಝಾನ್ ಉಪವಾಸದ ವಿಷಯ ಇದಕ್ಕಿಂತ ಗಂಭೀರ. 13 ಮುಸ್ಲಿಮ್ ದೇಶಗಳಲ್ಲಿ 2001ರಲ್ಲಿ ನಡೆದ ಅಧ್ಯಯನವೊಂದರಲ್ಲಿ ಟೈಪ್ 1 ಇರುವವರಲ್ಲಿ ಸುಮಾರು 43 ಶೇಕಡಾ ಜನ ಕನಿಷ್ಠ 15 ದಿನ ಉಪವಾಸ ಹಿಡಿದಿದ್ದರು. ಆ ತಿಂಗಳಲ್ಲಿ ಸಕ್ಕರೆ ತೀವ್ರವಾಗಿ ಇಳಿದು ಆಸ್ಪತ್ರೆ ಸೇರುವ ಘಟನೆಗಳು ಅವರಲ್ಲಿ ಸುಮಾರು ಐದು ಪಟ್ಟು ಹೆಚ್ಚಿದವು. ಪಂಪಿನಲ್ಲಿ ಬೇಸಲ್ ಕಡಿಮೆ ಮಾಡುವ, ಕ್ಷಣದಲ್ಲಿ ನಿಲ್ಲಿಸುವ ಅನುಕೂಲವಿದೆ ನಿಜ. ಅದು ಉಪವಾಸಕ್ಕೆ ಪರವಾನಗಿ ಅಲ್ಲ. ರೋಗಿಗೆ ದೀನ್‌ನಲ್ಲೇ ರಿಯಾಯಿತಿ ಇದೆ. ಡಾಕ್ಟರ್ ಬೇಡವೆಂದಾಗ ಅದನ್ನು ಬಳಸಿಕೊಳ್ಳುವುದು ಬಲಹೀನತೆಯಲ್ಲ. ಡಾಕ್ಟರ ಒಪ್ಪಿಗೆಯಿಂದ ಉಪವಾಸ ಹಿಡಿದವರೂ ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300ಕ್ಕಿಂತ ಏರಿದರೆ ಕೂಡಲೇ ಬಿಡಬೇಕು. ಬೆರಳು ಚುಚ್ಚಿ ಸಕ್ಕರೆ ನೋಡುವುದರಿಂದ ಉಪವಾಸ ಮುರಿಯುವುದಿಲ್ಲ ಎಂಬುದೇ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಒಂದು ಮಾತನ್ನು ದಯವಿಟ್ಟು ನೆನಪಿಡಿ. "ಊಟವೇ ಇಲ್ಲವಲ್ಲ, ಇನ್ಸುಲಿನ್ ಯಾಕೆ" ಎಂದು ಉಪವಾಸದ ದಿನ ಪಂಪ್ ತೆಗೆದಿಡುವವರಿದ್ದಾರೆ. ಏನೂ ತಿನ್ನದಿದ್ದರೂ ಟೈಪ್ 1 ದೇಹಕ್ಕೆ ಬೇಸಲ್ ಇನ್ಸುಲಿನ್ ಬೇಕೇ ಬೇಕು. ಇಡೀ ಹಗಲು ಪಂಪ್ ತೆಗೆದರೆ ಇಫ್ತಾರಿನ ಹೊತ್ತಿಗೆ ಆಸ್ಪತ್ರೆಯಲ್ಲಿರಬೇಕಾದೀತು.

ಇನ್ನು ಮುಚ್ಚಿಡುವ ಅಭ್ಯಾಸ. ಹೆಣ್ಣುಮಗುವಿಗೆ ಸಕ್ಕರೆ ಕಾಯಿಲೆ ಎಂದು ತಿಳಿದರೆ ನಾಳೆ ಮದುವೆಗೆ ತೊಂದರೆ ಎಂದು ಹಲವರು ಹೇಳುವುದೇ ಇಲ್ಲ. ನಮಗೂ ಹಾಗೆ ಉಪದೇಶ ಮಾಡಿದವರಿದ್ದರು. ಪಂಪ್ ಗುಟ್ಟಾಗಿ ಉಳಿಯುವ ವಸ್ತುವಲ್ಲ. ತರಗತಿಯಲ್ಲಿ ಕೂಗುತ್ತದೆ, ಮದುವೆ ಮನೆಯಲ್ಲಿ ಕೂಗುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಮೊಬೈಲ್ ಎಂದು ಕಿತ್ತುಕೊಳ್ಳಲು ಬಂದರೆ? ಶಾಲೆಯ ಟೀಚರಿಗೆ, ಹತ್ತಿರದ ಗೆಳತಿಗೆ ವಿಷಯ ಗೊತ್ತಿರಬೇಕು. ಸಕ್ಕರೆ ಇಳಿದಾಗ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು ಎಂದು ಅವರಿಗೆ ಹೇಳಿಕೊಟ್ಟಿರಬೇಕು. ಗುಟ್ಟಿನಲ್ಲಿ ಇಡುವ ಮನೆ ಪಂಪಿಗೆ ಇನ್ನೂ ಸಿದ್ಧವಾಗಿಲ್ಲ.

ಸಹಾಯ ಮಾಡುವವರಿಗೆ ಒಂದು ಮಾತು

ನಮ್ಮ ಜಮಾಅತ್‌ಗಳಲ್ಲಿ, ಗಲ್ಫ್‌ನ ಊರ ಸಂಘಟನೆಗಳಲ್ಲಿ ದೊಡ್ಡ ಮನಸ್ಸಿನವರಿದ್ದಾರೆ. ಒಂದು ಮಗುವಿಗೆ ಪಂಪ್ ಕೊಡಿಸಿ ಫೋಟೊ ತೆಗೆಸುವುದು ಸುಲಭ. ಆರು ತಿಂಗಳ ನಂತರ ಆ ಮಗುವಿನ ಮನೆಯಲ್ಲಿ ಸೆಟ್ ಮುಗಿದು ಪಂಪ್ ಮೂಲೆ ಸೇರಿದೆಯೇ ಎಂದು ನೋಡುವವರು ಕಡಿಮೆ. ಕೊಡುವುದಾದರೆ ನಾಲ್ಕು ವರ್ಷದ ಸೆಟ್ಟುಗಳ ಹೊಣೆಯನ್ನೂ ಹೊರಿ. ಅದು ಆಗದಿದ್ದರೆ ಅದೇ ಹಣದಲ್ಲಿ ಹಲವು ಮಕ್ಕಳಿಗೆ ವರ್ಷವಿಡೀ ಸ್ಟ್ರಿಪ್ ಮತ್ತು ಇನ್ಸುಲಿನ್ ಕೊಡಿಸಿ. ಸ್ಟ್ರಿಪ್‌ಗೆ ಹಣವಿಲ್ಲದೆ ವಾರಕ್ಕೊಮ್ಮೆ ಸಕ್ಕರೆ ನೋಡುವ ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಆ ಫೋಟೊ ಅಷ್ಟು ಚೆನ್ನಾಗಿ ಬರದು, ಪ್ರಯೋಜನ ಮಾತ್ರ ದೊಡ್ಡದು.

ನನ್ನ ಅಣ್ಣನಿಗೆ ನಾನು ಈ ಲೆಕ್ಕವನ್ನೆಲ್ಲ ಬರೆದು ಕಳಿಸಿದೆ. ಸ್ವಲ್ಪ ಬೇಸರಪಟ್ಟರು, ಆಮೇಲೆ ಒಪ್ಪಿದರು. ಪಂಪಿನ ಬದಲು ಈಗ ತಿಂಗಳು ತಿಂಗಳು ಸ್ಟ್ರಿಪ್‌ಗಳ ಖರ್ಚು ಕೊಡುತ್ತಾರೆ, ಪರೀಕ್ಷೆಯ ದಿನಗಳಲ್ಲಿ ಮತ್ತು ಡೋಸ್ ಬದಲಿಸುವ ವಾರಗಳಲ್ಲಿ ಸೆನ್ಸರ್ ಹಾಕಿಸುತ್ತಾರೆ. ಮಗಳು ಪೆನ್ನಿನಲ್ಲೇ ಇದ್ದಾಳೆ. ಅನ್ನದ ಸೌಟಿನ ಲೆಕ್ಕ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಮದುವೆ ಮನೆಯ ತಟ್ಟೆ ನೋಡಿ, "ಉಮ್ಮ, ಇದು ಎಪ್ಪತ್ತು ಗ್ರಾಂ" ಎನ್ನುತ್ತಾಳೆ. ಕಳೆದ ಭೇಟಿಯಲ್ಲಿ ಡಾಕ್ಟರ್ ಅದೇ ಮೂರು ಪ್ರಶ್ನೆ ಮತ್ತೆ ಕೇಳಿದರು. ಎರಡಕ್ಕೆ ಉತ್ತರ ಸಿದ್ಧವಿತ್ತು. ಮೊದಲನೆಯದಕ್ಕೆ, ಅಂದರೆ ಸೆಟ್ಟುಗಳ ಖರ್ಚಿಗೆ, ನಾವು ಹಣ ಕೂಡಿಡುತ್ತಿದ್ದೇವೆ. ಅದೂ ಸಿದ್ಧವಾದ ದಿನ ಪಂಪ್ ಬೇಕೋ ಬೇಡವೋ ಎಂದು ಮಗಳನ್ನೇ ಕೇಳುತ್ತೇವೆ.

ನಿಮ್ಮ ಮನೆಯಲ್ಲಿಯೂ ಈ ಮಾತು ಬಂದಿದ್ದರೆ ಆ ಮೂರು ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆದು ಮನೆಯವರೆಲ್ಲರೂ ಕೂತು ಉತ್ತರಿಸಿ. ಮೂರಕ್ಕೂ ಉತ್ತರ ಸಿಕ್ಕಿದರೆ ಡಾಕ್ಟರ ಸಲಹೆ ಪಡೆದು ಧೈರ್ಯವಾಗಿ ಕೊಳ್ಳಿ. ಸಿಗದಿದ್ದರೆ ಇವತ್ತಿನ ಪೆನ್, ಇವತ್ತಿನ ಸ್ಟ್ರಿಪ್, ಇವತ್ತಿನ ಊಟದ ಲೆಕ್ಕದಿಂದ ಶುರುಮಾಡಿ. ನಾಳೆ ಪಂಪ್ ಬಂದರೂ ಅದಕ್ಕೆ ಬೇಕಾಗುವುದು ಇದೇ ಅಭ್ಯಾಸ.